ಟ್ಯೂಬ್ ತೆಗೆಯುವುದು ಯಾವಾಗ?

ಮೂತ್ರಕೋಶ ಎಂಬುದು ಸ್ನಾಯುವಿನ ಚೀಲ. ಮೂತ್ರಪಿಂಡಗಳಿಂದ ಗಂಟೆಗೆ ಸುಮಾರು 60 ಮಿಲಿಲೀಟರಿನಷ್ಟು ಇಳಿದು ಬರುವ ಮೂತ್ರವನ್ನು ಅದು ಒಳಗಿನ ಒತ್ತಡ ಏರದಂತೆ ಹಿಗ್ಗುತ್ತ ಹಿಡಿದಿಟ್ಟುಕೊಳ್ಳುತ್ತದೆ. 150ರಿಂದ 250 ಮಿಲಿಲೀಟರ್ ಸೇರುವಾಗ ಹೋಗಬೇಕೆಂಬ ಮೊದಲ ಸೂಚನೆ ಬರುತ್ತದೆ. 400-500 ಆಗುವಾಗ ಕೂತಲ್ಲಿ ಕೂರಲಾಗುವುದಿಲ್ಲ. ಮೂತ್ರ ಹೊರಬೀಳಲು ಎರಡು ಕೆಲಸ ಒಂದೇ ಗಳಿಗೆಯಲ್ಲಿ ನಡೆಯಬೇಕು: ಚೀಲದ ಗೋಡೆ ಹಿಂಡಬೇಕು, ಅದರ ಬಾಯಿಯ ಬಿಗಿ ಸಡಿಲವಾಗಬೇಕು. ಬೆನ್ನುಹುರಿಯ ತುದಿಯಲ್ಲಿರುವ ನರಕೇಂದ್ರವೂ ಮೆದುಳಿನ ಬುಡದಲ್ಲಿರುವ ಇನ್ನೊಂದು ಕೇಂದ್ರವೂ ಸೇರಿ ಇವೆರಡನ್ನೂ ಹೊಂದಿಸುತ್ತವೆ. ದಾರಿ ಕಟ್ಟಿಕೊಂಡರೆ, ಗೋಡೆ ಸೋತರೆ ಅಥವಾ ಈ ಹೊಂದಾಣಿಕೆ ತಪ್ಪಿದರೆ ಮೂತ್ರ ಒಳಗೇ ನಿಲ್ಲುತ್ತದೆ.

ನಿಲ್ಲುವ ಬಗೆ ಎರಡು. ಒಂದು, ಇದ್ದಕ್ಕಿದ್ದಂತೆ ಕಟ್ಟಿಕೊಳ್ಳುವುದು. ಕಿಬ್ಬೊಟ್ಟೆ ಉಬ್ಬಿ, ನೋವು ತಡೆಯಲಾರದೆ ರೋಗಿ ರಾತ್ರೋರಾತ್ರಿ ಆಸ್ಪತ್ರೆಗೆ ಬರುತ್ತಾನೆ. ಇದು ತುರ್ತು, ಆದರೆ ಯಾರ ಕಣ್ಣಿಗೂ ತಪ್ಪುವುದಿಲ್ಲ. ಎರಡನೆಯದು ನೋವಿಲ್ಲದೆ ತಿಂಗಳುಗಟ್ಟಲೆ ತುಂಬುತ್ತ ಹೋಗುವುದು. ಚೀಲ ಲೀಟರಿಗೂ ಮಿಕ್ಕಿ ಹಿಗ್ಗಿ, ಹೆಚ್ಚಾದದ್ದು ಹನಿಹನಿಯಾಗಿ ಹೊರಗೆ ಸೋರುತ್ತದೆ. ಬಟ್ಟೆ ಒದ್ದೆಯಾಗುವುದನ್ನು ಕಂಡ ಮನೆಯವರು ವಯಸ್ಸಾಯಿತು, ಹಿಡಿತ ತಪ್ಪಿತು ಎಂದುಕೊಳ್ಳುತ್ತಾರೆ. ನಿಜದಲ್ಲಿ ಅಲ್ಲಿ ಆಗಿರುವುದು ಹಿಡಿತ ತಪ್ಪಿದ್ದಲ್ಲ, ಕಟ್ಟಿಕೊಂಡದ್ದು. ಹಿಂದಕ್ಕೆ ಒತ್ತಿದ ಮೂತ್ರ ಮೂತ್ರಪಿಂಡಗಳನ್ನು ಹಿಗ್ಗಿಸಿ ಹಾಳುಮಾಡುವುದು ಈ ಸದ್ದಿಲ್ಲದ ಬಗೆಯಲ್ಲೇ ಹೆಚ್ಚು.

ಬೆಂಗಳೂರು-ಸೇಲಂ ದಾರಿಯಲ್ಲಿ, ಧರ್ಮಪುರಿ ದಾಟಿದ ಮೇಲೆ ಸಿಗುವ ಅದಿಯಮಾನ್‌ಕೋಟೆಯ ಆಸುಪಾಸಿನಲ್ಲಿ ಈ ತೊಂದರೆಗೆ ಬೇಕಾದ ಕಾರಣಗಳೆಲ್ಲ ಒಟ್ಟಿಗೇ ಇವೆ. ಎಲ್ಲ ಊರಿನಂತೆ ಇಲ್ಲೂ ಐವತ್ತು-ಅರವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರನಾಳವನ್ನು ಅಮುಕುವುದು ಮೊದಲ ಕಾರಣ. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಮಂದಮಾಡಿ ಚೀಲವನ್ನು ಸೋಲಿಸುವುದು ಇನ್ನೊಂದು. ಮೂರನೆಯದು ರಸ್ತೆ. ಹೊಸೂರಿನಿಂದ ರಾಯಕೋಟೆ, ಪಾಲಕ್ಕೋಡಿನ ಮೇಲೆ ಬರುವ 844ನೇ ರಾಷ್ಟ್ರೀಯ ಹೆದ್ದಾರಿ ಅದಿಯಮಾನ್‌ಕೋಟೆಯಲ್ಲೇ ಮುಗಿದು 44ನೇ ಹೆದ್ದಾರಿಯನ್ನು ಕೂಡುತ್ತದೆ. ಅಲ್ಲಿಂದ ತೆಂಕಣಕ್ಕೆ ಸ್ವಲ್ಪ ದೂರದಲ್ಲಿ ಲಾರಿಗಳು ಬ್ರೇಕ್ ಸೋತು ಉರುಳುವುದಕ್ಕೆ ಕುಖ್ಯಾತವಾದ ತೊಪ್ಪೂರು ಘಾಟಿನ ಇಳಿಜಾರು ಇದೆ. ಬೆನ್ನುಮೂಳೆ ಮುರಿದು ಹುರಿಗೆ ಪೆಟ್ಟಾದರೆ ಕಾಲು ಸೋಲುವುದು ಎಲ್ಲರಿಗೂ ಕಾಣುತ್ತದೆ. ಮೂತ್ರಕೋಶವೂ ಸೋತಿರುವುದು ಟ್ಯೂಬ್ ಹಾಕುವವರೆಗೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸೊಂಟದೆಲುಬು ಮುರಿದವರಲ್ಲಿ ಮೂತ್ರನಾಳವೇ ಹರಿದಿರಬಹುದು.

ನಾಲ್ಕನೆಯ ಕಾರಣ ನೀರಿನಲ್ಲಿದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಹಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರುತ್ತದೆ. ಅದರಿಂದ ಬರುವ ರೋಗವೇ ಫ್ಲೋರೋಸಿಸ್. ತೆಂಕಣ ಭಾರತದಲ್ಲಿ ಈ ರೋಗದ ಮೊದಲ ವಿವರಗಳು 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಬಂದವು. ಹಲ್ಲಿನ ಮೇಲಿನ ಕಂದು ಕಲೆ ಇದರ ಮೊದಮೊದಲ ಗುರುತು. ವರ್ಷಗಟ್ಟಲೆ ಅದೇ ನೀರು ಕುಡಿದವರಲ್ಲಿ ಬೆನ್ನುಮೂಳೆಯ ಕಟ್ಟುಗಳು ಸುಣ್ಣಗಟ್ಟಿ, ಹುರಿ ಇಳಿಯುವ ಕೊಳವೆ ಕಿರಿದಾಗಿ, ಹುರಿ ಅಮುಕಿಹೋಗುತ್ತದೆ. ಕಾಲು ಬಿಗಿಯುವುದು ಮೊದಲು, ಮೂತ್ರದ ತೊಂದರೆ ಸಾಮಾನ್ಯವಾಗಿ ಆಮೇಲೆ. ಜಪಾನಿನ ಸಾಲದ ನೆರವಿನಿಂದ ನಡೆದ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ತಡೆ ಯೋಜನೆ 2013ರಲ್ಲಿ ಬಳಕೆಗೆ ಬಂದು, ಎರಡೂ ಜಿಲ್ಲೆಗಳಿಗೆ ಕಾವೇರಿ ನೀರು ಹರಿದಿದೆ. ಹೊಸ ನೀರು ಹೊಸ ರೋಗವನ್ನು ತಡೆಯಬಲ್ಲದು. ಆಗಲೇ ಸುಣ್ಣಗಟ್ಟಿದ ಬೆನ್ನನ್ನು ಸಡಿಲಿಸಲಾರದು.

ಕಾರಣ ಏನೇ ಇರಲಿ, ಮೊದಲು ಮಾಡುವ ಕೆಲಸ ಚೀಲವನ್ನು ಖಾಲಿ ಮಾಡುವುದು. ಹೊಟ್ಟೆ ಕುಯ್ಯದೆ ಇದನ್ನು ಮಾಡಲು ಮೂರು ದಾರಿಗಳಿವೆ: ಮೂತ್ರನಾಳದ ಮೂಲಕ ಕೆಥೆಟರ್ ಎಂಬ ಟ್ಯೂಬ್ ಇಳಿಸಿ ಅಲ್ಲೇ ಬಿಡುವುದು, ಕಿಬ್ಬೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನೇರ ಚೀಲಕ್ಕೇ ಟ್ಯೂಬ್ ಇಡುವುದು, ದಿನಕ್ಕೆ ಹಲವು ಸಲ ಟ್ಯೂಬ್ ಇಳಿಸಿ ಖಾಲಿ ಮಾಡಿ ತೆಗೆದುಬಿಡುವುದು. ಇವುಗಳಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತು, ಎರಡನೆಯದು ಎಂದರೆ ಎಲ್ಲರಿಗೂ ಹೆದರಿಕೆ. ಮೂರನೆಯದನ್ನು ಕೇಳಿದವರೇ ಕಡಿಮೆ, ಹಾಗಿದ್ದೂ ಬಹಳ ಮಂದಿಗೆ ಅದೇ ಒಳ್ಳೆಯದು.

ನಾಳದೊಳಗೆ ಕೊಳವೆ ಇಳಿಸುವುದು ಹಳೆಯ ವಿದ್ಯೆ. ಮೂತ್ರದ ದಾರಿ ಮುಚ್ಚಿಹೋದಾಗ ಕಬ್ಬಿಣ, ಮರ ಅಥವಾ ಅರಗಿನ ಕೊಳವೆಗೆ ತುಪ್ಪ ಸವರಿ ಒಳಗಿಡಬೇಕು, ಮೂರು ಮೂರು ದಿನಕ್ಕೊಮ್ಮೆ ದಪ್ಪ ಹೆಚ್ಚಿಸಬೇಕು ಎಂಬ ವಿಧಾನ ಸುಶ್ರುತ ಸಂಹಿತೆಯಲ್ಲೇ ಇದೆ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕಲ್ಲಿನ ತೊಂದರೆಯಿಂದ ನರಳುತ್ತಿದ್ದ ಅಣ್ಣನಿಗಾಗಿ ಬಾಗುವಂಥ ಬೆಳ್ಳಿಯ ಕೆಥೆಟರ್ ಮಾಡಿಸಿದ್ದ. ಇಂದು ಎಲ್ಲ ವಾರ್ಡುಗಳಲ್ಲೂ ಕಾಣುವುದು ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಬಲೂನ್ ಕೆಥೆಟರ್. ತುದಿಯ ಬಳಿ ಸಣ್ಣ ಬಲೂನ್, ಅದನ್ನು ಉಬ್ಬಿಸಲು ಪಕ್ಕದಲ್ಲೊಂದು ಸಣ್ಣ ದಾರಿ. ಚೀಲದೊಳಗೆ ಹೋದ ಮೇಲೆ 5ರಿಂದ 10 ಮಿಲಿಲೀಟರ್ ಶುದ್ಧ ನೀರು ತುಂಬಿಸಿದರೆ ಟ್ಯೂಬ್ ಜಾರಿ ಹೊರಬರುವುದಿಲ್ಲ. ಸಲೈನ್ ತುಂಬಿಸಬಾರದು; ಉಪ್ಪು ಹರಳುಗಟ್ಟಿ ದಾರಿ ಮುಚ್ಚಿದರೆ ತೆಗೆಯುವ ದಿನ ಬಲೂನ್ ಇಳಿಯುವುದಿಲ್ಲ.

ಕೆಥೆಟರಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದೆ. ಪ್ಯಾರಿಸ್ಸಿನ ಉಪಕರಣ ತಯಾರಕ ಶಾರಿಯೇರ್ 19ನೆಯ ಶತಮಾನದಲ್ಲಿ ತಂದ ಅಳತೆ ಅದು. ದೊಡ್ಡವರಿಗೆ 14 ಅಥವಾ 16 ಸಾಕು. ದಪ್ಪ ಟ್ಯೂಬಿನಲ್ಲಿ ಚೆನ್ನಾಗಿ ಹರಿಯುತ್ತದೆ ಎಂಬ ನಂಬಿಕೆ ವಾರ್ಡುಗಳಲ್ಲೂ ಇದೆ. ಆದರೆ ರಕ್ತದ ಗಡ್ಡೆ ಬರುವಂಥ ಸಂದರ್ಭ ಬಿಟ್ಟರೆ ದಪ್ಪ ಟ್ಯೂಬ್ ನಾಳದ ಗೋಡೆಯನ್ನು ಉಜ್ಜಿ ಗಾಯ ಮಾಡುವುದೇ ಹೆಚ್ಚು.

ಹೆಂಗಸರಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್. ಗಂಡಸರಲ್ಲಿ 18ರಿಂದ 20, ಅದೂ ಬಾಗಿಬಳುಕಿದ ದಾರಿ. ಹಾಗಾಗಿ ಗಂಡಸರಿಗೆ ಹಾಕುವಾಗ ಅವಸರ ಸಲ್ಲದು. ಲಿಗ್ನೋಕೇನ್ ಜೆಲ್ ಒಳಗೆ ಬಿಟ್ಟು ಮೂರರಿಂದ ಐದು ನಿಮಿಷ ಕಾಯಬೇಕು. ಎಷ್ಟೋ ಕಡೆ ಮರಗಟ್ಟುವ ಮೊದಲೇ ತಳ್ಳುತ್ತಾರೆ; ರೋಗಿಗೆ ಆಮೇಲೆ ನೆನಪಿರುವುದು ಆ ನೋವೊಂದೇ. ಮೂತ್ರ ಹರಿದುಬಂದದ್ದನ್ನು ನೋಡಿ, ಟ್ಯೂಬನ್ನು ಅದರ ಹೊರತುದಿಯ ಕವಲಿನವರೆಗೆ ಒಳಗೆ ಸೇರಿಸಿದ ಮೇಲೆಯೇ ಬಲೂನ್ ಉಬ್ಬಿಸಬೇಕು. ನಾಳದೊಳಗೇ ಬಲೂನ್ ಉಬ್ಬಿದರೆ ನಾಳವೇ ಹರಿಯುತ್ತದೆ, ಹರಿದ ಜಾಗ ಮಾಯುವಾಗ ಕಿರಿದಾಗಿ, ಮುಂದೆ ಜೀವನಪೂರ್ತಿ ಕಾಡುವ ಸ್ಟ್ರಿಕ್ಚರ್ ಆಗುತ್ತದೆ. ಕೊನೆಗೆ ಹಿಂದೆ ಸರಿಸಿದ ಮುಂದೊಗಲನ್ನು ಮತ್ತೆ ಮುಂದಕ್ಕೆ ತರಬೇಕು. ಮರೆತರೆ ಅದು ಬಿಗಿದು ಬಾತು ಇನ್ನೊಂದು ತುರ್ತು ಹುಟ್ಟುತ್ತದೆ.

ಬಹಳ ದಿನ ಕಟ್ಟಿದ್ದ ಚೀಲ ಖಾಲಿಯಾದ ಮೇಲೆ ಕೆಲವರಲ್ಲಿ ಮೂತ್ರಪಿಂಡಗಳು ತಡೆದಿಟ್ಟ ನೀರು-ಉಪ್ಪನ್ನೆಲ್ಲ ಒಮ್ಮೆಲೇ ಬಿಡತೊಡಗುತ್ತವೆ. ಗಂಟೆಗೆ 200 ಮಿಲಿಲೀಟರಿಗೂ ಮೀರಿ ಸುರಿಯುತ್ತಿದ್ದರೆ ಮೂತ್ರ ಚೆನ್ನಾಗಿ ಬರುತ್ತಿದೆ ಎಂದು ಸಂತೋಷಪಟ್ಟು ಮನೆಗೆ ಕರೆದೊಯ್ಯಬಾರದು. ರಕ್ತದೊತ್ತಡ ಕುಸಿಯುವ, ಸೋಡಿಯಂ-ಪೊಟ್ಯಾಸಿಯಂ ಏರುಪೇರಾಗುವ ಸಮಯ ಅದು. ಒಂದೆರಡು ದಿನ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ.

ಫೋಲಿ ಕೆಥೆಟರಿನ ದೊಡ್ಡ ಗುಣವೇ ಅದರ ದೊಡ್ಡ ದೋಷ: ಅದು ಒಳಗೇ ಉಳಿಯುತ್ತದೆ. ಟ್ಯೂಬ್ ಇರುವ ಪ್ರತಿ ದಿನವೂ ನೂರರಲ್ಲಿ ಮೂರರಿಂದ ಏಳು ಮಂದಿಯ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ತಿಂಗಳಾಗುವಾಗ ಹೆಚ್ಚುಕಮ್ಮಿ ಎಲ್ಲರಲ್ಲೂ ಇರುತ್ತದೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತೆಂದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ನುಂಗುವುದು ತಪ್ಪು. ಜ್ವರ, ಚಳಿ, ಕಿಬ್ಬೊಟ್ಟೆ ನೋವು, ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿ, ಇವು ಕಂಡರೆ ಮಾತ್ರ ಚಿಕಿತ್ಸೆ. ಲಕ್ಷಣವಿಲ್ಲದೆ ಔಷಧಿ ಕೊಟ್ಟರೆ ಟ್ಯೂಬಿನಲ್ಲಿ ಉಳಿಯುವುದು ಯಾವ ಔಷಧಿಗೂ ಬಗ್ಗದ ತಳಿ. ಮನೆಯಲ್ಲಿ ಮಾಡಬೇಕಾದ್ದು ಸರಳ: ಬ್ಯಾಗ್ ಯಾವಾಗಲೂ ಚೀಲದ ಮಟ್ಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಟ್ಯೂಬನ್ನು ತೊಡೆಗೆ ಅಂಟಿಸಿರಬೇಕು, ಬ್ಯಾಗಿನ ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಬಾರದು, ದಿನಕ್ಕೊಮ್ಮೆ ಸೋಪು-ನೀರಿನಲ್ಲಿ ಸುತ್ತ ತೊಳೆಯಬೇಕು. ಬಸ್ಸಿನಲ್ಲಿ ಧರ್ಮಪುರಿ ಸರ್ಕಾರಿ ಆಸ್ಪತ್ರೆಗೆ ಹೋಗುವ ಮುದುಕರು ಬ್ಯಾಗನ್ನು ಮಡಿಲ ಮೇಲೆ, ಕೆಲವೊಮ್ಮೆ ಹೆಗಲಿಗೇ ಹಾಕಿಕೊಂಡು ಕೂರುವುದುಂಟು. ಬ್ಯಾಗಿನ ಹಳಸಿದ ಮೂತ್ರ ಮತ್ತೆ ಒಳಗೆ ಇಳಿಯಲು ಅಷ್ಟೇ ಸಾಕು.

ಪ್ರಾಸ್ಟೇಟಿನಿಂದ ಮೊದಲ ಸಲ ಕಟ್ಟಿಕೊಂಡವರಿಗೆ ಈ ಟ್ಯೂಬ್ ತಿಂಗಳುಗಟ್ಟಲೆ ಬೇಕಾಗಿಯೇ ಇಲ್ಲ. ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಶುರುಮಾಡಿ, ಎರಡು-ಮೂರು ದಿನದ ಮೇಲೆ ಟ್ಯೂಬ್ ತೆಗೆದು ನೋಡುವುದು ರೂಢಿಯ ಕ್ರಮ; ಹಲವರಿಗೆ ತಾನಾಗಿ ಹೋಗುತ್ತದೆ. ಹೋಗದವರಿಗೆ ಆಪರೇಷನ್ನಿನ ದಿನ ಗೊತ್ತುಮಾಡಬೇಕು. ಈ ಪರೀಕ್ಷೆಯನ್ನೇ ಮಾಡದೆ, ಬದಲಿಸುತ್ತ ಬದಲಿಸುತ್ತ ವರ್ಷ ದಾಟಿಸುವುದು ಚಿಕಿತ್ಸೆಯಲ್ಲ, ಮುಂದೂಡಿಕೆ.

ಮೂತ್ರನಾಳದ ದಾರಿಯೇ ಸರಿಯಿಲ್ಲದಿದ್ದರೆ ಎರಡನೆಯ ವಿಧಾನ. ಅಪಘಾತದಲ್ಲಿ ಸೊಂಟದೆಲುಬು ಮುರಿದು ಮೂತ್ರದ್ವಾರದಲ್ಲಿ ರಕ್ತ ಕಂಡರೆ ಕೆಳಗಿನಿಂದ ಕುರುಡಾಗಿ ಟ್ಯೂಬ್ ತಳ್ಳಬಾರದು. ಅರ್ಧ ಹರಿದ ನಾಳ ಪೂರ್ತಿ ಹರಿಯಬಹುದು. ಬಿಗಿಯಾದ ಸ್ಟ್ರಿಕ್ಚರ್ ಇದ್ದಾಗ, ಎಷ್ಟು ಯತ್ನಿಸಿದರೂ ಕೆಥೆಟರ್ ಹೋಗದಿದ್ದಾಗ, ವರ್ಷಗಟ್ಟಲೆ ಟ್ಯೂಬ್ ಬೇಕಾದ ಕೆಲವರಿಗೂ ಇದೇ ಒಳ್ಳೆಯದು. ಖಾಲಿ ಮೂತ್ರಕೋಶ ಸೊಂಟದೆಲುಬಿನ ಹಿಂದೆ ಅಡಗಿರುತ್ತದೆ. ತುಂಬಿದಾಗ ಮೇಲೆದ್ದು, ಕರುಳನ್ನು ಹೊದ್ದಿರುವ ಪೊರೆಯನ್ನು ಮೇಲಕ್ಕೆ ಸರಿಸಿ, ಕಿಬ್ಬೊಟ್ಟೆಯ ಗೋಡೆಗೆ ನೇರ ಆನುತ್ತದೆ. ನಡುವೆ ಕರುಳಿಲ್ಲದ ಆ ಕಿಟಕಿಯೇ ಈ ವಿಧಾನಕ್ಕೆ ಆಧಾರ.

ಕಿಬ್ಬೊಟ್ಟೆಯ ಕೆಳಗೆ ಕೈಗೆ ಸಿಗುವ ಸೊಂಟದೆಲುಬಿನ ಅಂಚಿನಿಂದ ಎರಡು ಬೆರಳು ಮೇಲೆ, ನಟ್ಟನಡುವೆ, ಚರ್ಮವನ್ನು ಇಂಜೆಕ್ಷನ್ನಿನಿಂದ ಮರಗಟ್ಟಿಸುತ್ತಾರೆ. ಅದೇ ಸೂಜಿಯಿಂದ ಆಳಕ್ಕೆ ಚುಚ್ಚಿ ಮೂತ್ರ ಬರುವುದನ್ನು ನೋಡಿದ ಮೇಲೆ, ಸೆಂಟಿಮೀಟರಿನಷ್ಟು ಚರ್ಮ ಕೊಯ್ದು, ಟ್ರೋಕಾರ್ ಎಂಬ ಚೂಪು ತುದಿಯ ಸಾಧನ ಇಳಿಸಿ, ಅದರ ಹೊರಕವಚದ ಮೂಲಕ ಕೆಥೆಟರ್ ಬಿಡುತ್ತಾರೆ. ಇನ್ನೊಂದು ಬಗೆಯಲ್ಲಿ ಮೊದಲು ಸೂಜಿಯ ಮೂಲಕ ತೆಳ್ಳನೆಯ ತಂತಿ ಇಳಿಸಿ, ಆ ತಂತಿಯ ಮೇಲೆಯೇ ದಾರಿಯನ್ನು ಹಿಗ್ಗಿಸುತ್ತಾರೆ. ಇದು ಹೆಚ್ಚು ಸುರಕ್ಷಿತ. ಹದಿನೈದಿಪ್ಪತ್ತು ನಿಮಿಷದ ಕೆಲಸ, ಪೂರ್ತಿ ಅರಿವಳಿಕೆ ಬೇಕಿಲ್ಲ. ಟ್ಯೂಬ್ ಇಡುವಷ್ಟು ಸೌಕರ್ಯ ಇಲ್ಲದ ಕಡೆ ಸೂಜಿಯಿಂದ ಒಮ್ಮೆ ಎಳೆದು ನೋವು ಇಳಿಸಿ, ದೊಡ್ಡ ಆಸ್ಪತ್ರೆಗೆ ಕಳಿಸುವುದೂ ಒಪ್ಪಿತ ಕ್ರಮವೇ.

ಸಣ್ಣ ರಂಧ್ರವೆಂದು ಹಗುರಾಗಿ ಕಾಣುವಂತಿಲ್ಲ. ಕರುಳಿಗೆ ತಾಗುವ ಅಪಾಯ ನೂರಕ್ಕೆ ಎರಡೂವರೆಯವರೆಗೂ ಇದೆ ಎಂಬುದು ಬ್ರಿಟನ್ನಿನ ಮೂತ್ರರೋಗ ತಜ್ಞರ ಎಚ್ಚರಿಕೆ. ಚೀಲ ಚೆನ್ನಾಗಿ ತುಂಬಿರದಿದ್ದರೆ, ಹೊಟ್ಟೆಯ ಕೆಳಭಾಗದಲ್ಲಿ ಹಿಂದೆ ಆಪರೇಷನ್ ಆಗಿದ್ದರೆ ಕರುಳು ಆ ಕಿಟಕಿಯಲ್ಲಿ ಅಂಟಿಕೊಂಡಿರಬಹುದು. ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ಚುಚ್ಚಬೇಕು. ಚೀಲದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಿದ್ದರೆ, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದರೆ ಈ ದಾರಿ ಹಿಡಿಯುವುದಿಲ್ಲ. ಮೊದಲ ನಾಲ್ಕಾರು ವಾರ ರಂಧ್ರ ಇನ್ನೂ ಹಸಿ. ಆಗ ಟ್ಯೂಬ್ ಕಳಚಿದರೆ ಕೆಲವೇ ಗಂಟೆಗಳಲ್ಲಿ ದಾರಿ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ನೋಡೋಣ ಎಂದು ಮಲಗದೆ ಆಗಲೇ ಹೊರಡಬೇಕು. ದಾರಿ ಗಟ್ಟಿಯಾದ ಮೇಲೆ ಬದಲಿಸುವುದು ನಾಳದ ಕೆಥೆಟರಿಗಿಂತ ಸುಲಭ, ಕೂರಲು-ಏಳಲು ಹಗುರ, ದಾಂಪತ್ಯಕ್ಕೂ ಅಡ್ಡಿಯಿಲ್ಲ. ಹೊಟ್ಟೆಗೇ ತೂತು ಎಂಬ ಮಾತಿಗೆ ಹೆದರಿ ಬೇಡವೆನ್ನುವವರಿಗೆ ಈ ಕೊನೆಯ ಮಾತನ್ನು ಯಾರೂ ಹೇಳಿರುವುದಿಲ್ಲ.

ಮೂರನೆಯ ವಿಧಾನದಲ್ಲಿ ಟ್ಯೂಬ್ ಒಳಗೆ ಉಳಿಯುವುದೇ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದ ಸೈನಿಕರ ಆರೈಕೆ ಶುರುಮಾಡಿದ ಲುಡ್ವಿಗ್ ಗುಟ್ಮನ್, ನಿಗದಿತ ಹೊತ್ತಿಗೊಮ್ಮೆ ಟ್ಯೂಬ್ ಇಳಿಸಿ ತೆಗೆಯುವ ಕ್ರಮ ತಂದರು. 1966ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆದರೆ ಅವರದು ಆಪರೇಷನ್ ಥಿಯೇಟರಿನ ಶುದ್ಧತೆ ಬೇಡುವ ವಿಧಾನ, ಮನೆಯಲ್ಲಿ ನಡೆಯುವಂಥದ್ದಲ್ಲ. 1972ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಾಕ್ ಲ್ಯಾಪಿಡೆಸ್ ಅಷ್ಟು ಮಡಿ ಬೇಕಿಲ್ಲ, ಸೋಪಿನಲ್ಲಿ ತೊಳೆದ ಕೈ ಮತ್ತು ತೊಳೆದ ಟ್ಯೂಬ್ ಸಾಕು, ರೋಗಿಯೇ ಹಾಕಿಕೊಳ್ಳಬಹುದು ಎಂದು ತೋರಿಸಿದರು. ಸೋಂಕಿಗೆ ಮುಖ್ಯ ಕಾರಣ ಹೊರಗಿನ ರೋಗಾಣು ಅಲ್ಲ, ಅತಿಯಾಗಿ ಹಿಗ್ಗಿ ರಕ್ತಸಂಚಾರ ಕುಂದಿದ ಚೀಲದ ಗೋಡೆ ಎಂಬುದು ಅವರ ವಾದ. ನಿಂತ ಕೆರೆ ಪಾಚಿಗಟ್ಟುತ್ತದೆ, ಹರಿಯುವ ಕಾಲುವೆಯಲ್ಲ. ಹೊತ್ತುಹೊತ್ತಿಗೆ ಪೂರ್ತಿ ಖಾಲಿಯಾದರೆ ಒಂದಿಷ್ಟು ಬ್ಯಾಕ್ಟೀರಿಯಾ ಒಳಹೊಕ್ಕರೂ ನೆಲೆಯೂರುವುದಿಲ್ಲ. ಅಂದಿನ ಮೂತ್ರರೋಗ ತಜ್ಞರಲ್ಲಿ ಅನೇಕರು ಇದನ್ನು ನಂಬಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ, ನರದ ತೊಂದರೆಯಿಂದ ಮೂತ್ರಕೋಶ ಸೋತವರಿಗೆ ಎಲ್ಲೆಡೆ ಮೊದಲು ಸೂಚಿಸುವ ವಿಧಾನ ಇದೇ.

ದಿನಕ್ಕೆ ನಾಲ್ಕರಿಂದ ಆರು ಸಲ, ಒಂದೊಂದು ಸಲ 400-500 ಮಿಲಿಲೀಟರ್ ಮೀರದಂತೆ ಖಾಲಿ ಮಾಡಬೇಕು. ಬಲೂನಿಲ್ಲದ, ನೆಲಟಾನ್ ಎಂಬ ಹೆಸರಿನ ಸಾದಾ ಟ್ಯೂಬ್, ದೊಡ್ಡವರಿಗೆ 12 ಅಥವಾ 14ರ ಅಳತೆಯದು. ಕೈ ತೊಳೆದು, ದ್ವಾರವನ್ನು ತೊಳೆದು, ಟ್ಯೂಬಿಗೆ ಜೆಲ್ ಸವರಿ, ಮೂತ್ರ ಬರುವವರೆಗೆ ನಿಧಾನಕ್ಕೆ ಒಳಗೆ ಬಿಡಬೇಕು. ಹರಿಯುವುದು ನಿಂತ ಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆಳೆದರೆ ತಳದಲ್ಲಿ ಉಳಿದದ್ದೂ ಬರುತ್ತದೆ. ಹೆಂಗಸರಿಗೆ ಮೊದಮೊದಲು ಕನ್ನಡಿ ಬೇಕಾಗುತ್ತದೆ, ಆಮೇಲೆ ಬೆರಳಿಗೇ ಜಾಗ ಗೊತ್ತಾಗುತ್ತದೆ. ಹುಟ್ಟಿನಿಂದ ಬೆನ್ನುಹುರಿಯ ದೋಷವಿರುವ ಮಕ್ಕಳಿಗೆ ತಾಯಂದಿರು ಮಾಡುತ್ತಾರೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಕ್ಕಳೇ ಕಲಿಯುತ್ತಾರೆ. ಪ್ಯಾಕೆಟ್ಟಿನ ಮೇಲೆ ಒಮ್ಮೆ ಮಾತ್ರ ಬಳಸಿ ಎಂದು ಅಚ್ಚಾಗಿದ್ದರೂ ನಮ್ಮ ನಾಡಿನ ಮನೆಗಳಲ್ಲಿ ತೊಳೆದು ಒಣಗಿಸಿ ಕೆಲವು ದಿನ ಬಳಸುವುದು ರೂಢಿ. ಕೊಳ್ಳಲು ಕಾಸಿಲ್ಲವೆಂದು ಖಾಲಿ ಮಾಡುವುದನ್ನೇ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಈ ಮೂರನೆಯ ವಿಧಾನ ಹೆಚ್ಚು ನಡೆಯದಿರುವುದಕ್ಕೆ ಕಾರಣ ವಿದ್ಯೆಯ ಕಷ್ಟವಲ್ಲ. ಕಲಿಸುವವರು ಬೇಕು, ಬಾಗಿಲಿರುವ ಶೌಚಾಲಯ ಬೇಕು, ಹೊಲದ ಕೆಲಸದ ನಡುವೆಯೂ ಸಿಗುವ ಶುದ್ಧ ನೀರು ಬೇಕು, ಸಂಕೋಚ ಬಿಡಬೇಕು. ತಮಿಳುನಾಡಿನಲ್ಲಿ ಇದಕ್ಕೆ ಒಂದು ದೊಡ್ಡ ಆಸರೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಅಲ್ಲಿನ ವೈದ್ಯೆ ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿ ಮುರಿದುಕೊಂಡು, ಗಾಲಿಕುರ್ಚಿಯಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದವರು. ಅವರ ಮುಂದಾಳತ್ವದಲ್ಲಿ 1966ರಲ್ಲಿ ಪುನರ್ವಸತಿ ಸಂಸ್ಥೆ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರರೋಗ ಪುನರ್ವಸತಿ ವಿಭಾಗವಿದೆ. ಹತ್ತಿರದಲ್ಲಿ ಧರ್ಮಪುರಿ, ಸೇಲಂ ಎರಡೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರುವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ಮತ್ತು ಫಿಸಿಯೋಥೆರಪಿ ಮನೆಗೇ ಬರುತ್ತದೆ. ಟ್ಯೂಬ್ ಹಾಕಿಕೊಳ್ಳುವುದನ್ನು ಕಲಿಸಲು ಇದಕ್ಕಿಂತ ತಕ್ಕ ಏರ್ಪಾಡು ಬೇರೆ ಹುಡುಕಬೇಕಿಲ್ಲ.

ಎಲ್ಲರಿಗೂ ಈ ವಿಧಾನ ಒಗ್ಗುವುದಿಲ್ಲ. ಕೈಗಳೂ ಸೋತವರಿಗೆ, ಮನೆಯಲ್ಲಿ ಮಾಡುವವರಿಲ್ಲದವರಿಗೆ, ಕೊನೆಗಾಲದ ಹಾಸಿಗೆಯಲ್ಲಿರುವವರಿಗೆ ಒಳಗೇ ಉಳಿಯುವ ಟ್ಯೂಬೇ ಸರಿ. ಎದೆಯ ಆರನೆಯ ಮಣಿಮೂಳೆ ಅಥವಾ ಅದಕ್ಕೂ ಮೇಲೆ ಬೆನ್ನುಹುರಿ ಮುರಿದವರು ಯಾವ ವಿಧಾನ ಹಿಡಿದರೂ ಒಂದನ್ನು ತಿಳಿದಿರಲೇಬೇಕು. ಚೀಲ ತುಂಬಿ ಕಟ್ಟಿಕೊಂಡರೆ ಅವರಿಗೆ ಕಿಬ್ಬೊಟ್ಟೆ ನೋವು ತಿಳಿಯುವುದಿಲ್ಲ. ಬದಲಿಗೆ ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ರಕ್ತದೊತ್ತಡ ಪ್ರಾಣಕ್ಕೇ ಕುತ್ತಾಗುವಷ್ಟು ಏರುತ್ತದೆ. ತಲೆನೋವಿನ ಮಾತ್ರೆ ಕೊಡುವುದಲ್ಲ, ಎಬ್ಬಿಸಿ ಕೂರಿಸಿ, ಟ್ಯೂಬ್ ಮಡಚಿದೆಯೇ, ಮುಚ್ಚಿಕೊಂಡಿದೆಯೇ ನೋಡಿ, ಚೀಲ ಖಾಲಿ ಮಾಡಬೇಕು. ಮನೆಯಲ್ಲಿ ಆಗದಿದ್ದರೆ 108ಕ್ಕೆ ಕರೆ ಮಾಡಬೇಕು.

ಲ್ಯಾಟೆಕ್ಸ್ ಕೆಥೆಟರನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಸಿಲಿಕೋನಿನದನ್ನು ಹೆಚ್ಚೆಂದರೆ ಹನ್ನೆರಡು ವಾರಕ್ಕೊಮ್ಮೆ ಬದಲಿಸಬೇಕು. ಮರೆತರೆ ತುದಿಯಲ್ಲಿ ಸುಣ್ಣಗಟ್ಟಿ ಕಲ್ಲಾಗುತ್ತದೆ, ಎಳೆದರೂ ಬರುವುದಿಲ್ಲ. ತಮಿಳುನಾಡು-ಕರ್ನಾಟಕ ಗಡಿಯ ಈ ಸೀಮೆಯಲ್ಲಿ ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ನರ್ಸಮ್ಮ ತಮಿಳಿನಲ್ಲಿ ಹೇಳಿರುತ್ತಾರೆ, ಮನೆಯಲ್ಲಿ ಆರೈಕೆ ಮಾಡುವ ಸೊಸೆಯೋ ಮಗಳೋ ಕನ್ನಡದವಳಾಗಿರುತ್ತಾಳೆ. ದಿನಾಂಕ ತಪ್ಪುವುದು ಇಲ್ಲಿಯೇ. ಆದ್ದರಿಂದ ಟ್ಯೂಬ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಹೊರಡುವ ಮುನ್ನ ಚೀಟಿಯ ಹಿಂಬದಿಯಲ್ಲಿ ತಮಗೆ ಓದಲು ಬರುವ ಅಕ್ಷರದಲ್ಲಿ ಬರೆದುಕೊಳ್ಳಿ: ಹಾಕಿದ ದಿನ, ಟ್ಯೂಬಿನ ಬಗೆ ಮತ್ತು ಅಳತೆ, ಬಲೂನಿಗೆ ತುಂಬಿಸಿದ ನೀರು ಎಷ್ಟು, ತೆಗೆಯುವ ಅಥವಾ ಬದಲಿಸುವ ದಿನ ಯಾವುದು. ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಡಾಕ್ಟರನ್ನು ಇನ್ನೊಮ್ಮೆ ಕೇಳಿ.